ಹುಲ್ಲುಹಾಸಿನ ಸ್ವಯಂಚಾಲಿತ ಸ್ಪ್ರಿಂಕ್ಲರ್: ನೆಲದಡಿಯ ವೈರಿಂಗ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮನೆ ಕಟ್ಟಿಸುತ್ತಿರುವವರು, ಅಂಗಳದಲ್ಲಿ ಈಗಾಗಲೇ ಹುಲ್ಲು ಬೆಳೆಸಿರುವವರು, ಊರ ಹೊರಗೆ ತೋಟದ ಮನೆ ಮಾಡಿಕೊಂಡವರು ಮಾತಿನಲ್ಲಿಯೂ ಪತ್ರಗಳಲ್ಲಿಯೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದೆ. ನಾಲ್ಕರಿಂದ ಹತ್ತು ವಾಲ್ವ್‌ಗಳಿರುವ, 24 ವೋಲ್ಟ್ ಎಸಿಯಲ್ಲಿ ನಡೆಯುವ ಮನೆಮಟ್ಟದ ವ್ಯವಸ್ಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಗಳನ್ನು ಬರೆದಿದ್ದೇನೆ. ಸ್ಪ್ರಿಂಕ್ಲರ್ ಹೆಡ್ ಯಾವುದು ಒಳ್ಳೆಯದೆಂದು ಗಂಟೆಗಟ್ಟಲೆ ವಿಚಾರಿಸುವವರೂ ವೈರಿನ ವಿಷಯವನ್ನು ಕೊನೆಯ ದಿನಕ್ಕೆ ಬಿಡುತ್ತಾರೆ. ಹೆಡ್ ಕೆಟ್ಟರೆ ಐದು ನಿಮಿಷದಲ್ಲಿ ಬದಲಿಸಬಹುದು. ಮಣ್ಣಿನೊಳಗಿನ ವೈರ್ ಕೆಟ್ಟರೆ ಅದು ಎಲ್ಲಿ ಕೆಟ್ಟಿದೆಯೆಂದು ಹುಡುಕುವುದಕ್ಕೇ ಒಂದು ದಿನ ಬೇಕಾಗುತ್ತದೆ.

## ಮೊದಲು ತಿಳಿಯಬೇಕಾದದ್ದು

ಸ್ಪ್ರಿಂಕ್ಲರ್‌ಗೆ ನೀರಿನ ಪೈಪ್ ಇದ್ದರೆ ಸಾಲದೇ? ನೆಲದಡಿ ವೈರ್ ಯಾಕೆ ಬೇಕು?

ಮನೆಯ ಪಂಪ್ ಇಡೀ ಹುಲ್ಲುಹಾಸಿನ ಎಲ್ಲ ಹೆಡ್‌ಗಳಿಗೂ ಒಂದೇ ಸಲಕ್ಕೆ ಸಾಕಷ್ಟು ಒತ್ತಡದಲ್ಲಿ ನೀರು ಕೊಡಲಾರದು. ಆದ್ದರಿಂದ ಹುಲ್ಲುಹಾಸನ್ನು ವಲಯಗಳಾಗಿ ಹಂಚಿ, ಒಂದೊಂದು ವಲಯಕ್ಕೆ ಒಂದೊಂದು ಸೊಲೆನಾಯ್ಡ್ ವಾಲ್ವ್ ಇಟ್ಟು, ಒಂದಾದ ಮೇಲೊಂದರಂತೆ ನೀರು ಹರಿಸಲಾಗುತ್ತದೆ. ಗೋಡೆಯ ಮೇಲಿನ ಕಂಟ್ರೋಲರ್ ನಿಗದಿತ ಹೊತ್ತಿಗೆ ಆಯಾ ವಾಲ್ವ್‌ನ ಕಾಯಿಲ್‌ಗೆ 24 ವೋಲ್ಟ್ ಕಳುಹಿಸಿದಾಗ ಒಳಗಿನ ಪುಟ್ಟ ಕಡ್ಡಿ ಮೇಲೆದ್ದು, ಡಯಾಫ್ರಂ ಎಂಬ ರಬ್ಬರ್ ಪೊರೆಯ ಮೇಲೆ ಕೂತಿದ್ದ ಒತ್ತಡ ಸಣ್ಣ ರಂಧ್ರದಿಂದ ಹೊರಗೆ ಹೋಗಿ, ವಾಲ್ವ್ ತೆರೆದುಕೊಳ್ಳುತ್ತದೆ. ವಿದ್ಯುತ್ ನಿಂತರೆ ವಾಲ್ವ್ ತಾನಾಗಿ ಮುಚ್ಚುತ್ತದೆ. ಕರೆಂಟ್ ಹೋದಾಗ ನೀರು ಹರಿಯುತ್ತಲೇ ಉಳಿಯುವ ಭಯವಿಲ್ಲ. ಕಂಟ್ರೋಲರ್‌ನಿಂದ ಈ ವಾಲ್ವ್‌ಗಳವರೆಗೆ ಹೋಗುವ ದಾರಿಯೇ ನೆಲದಡಿಯ ವೈರ್.

ಒದ್ದೆ ಹುಲ್ಲಿನ ಮೇಲೆ ಮಕ್ಕಳು ಬರಿಗಾಲಲ್ಲಿ ಆಡುತ್ತಾರೆ, ಶಾಕ್ ಹೊಡೆಯುವುದಿಲ್ಲವೇ?

ವಾಲ್ವ್‌ಗಳಿಗೆ ಹೋಗುವ 24 ವೋಲ್ಟ್ ವೈರಿನಿಂದ ಅಂಥ ಅಪಾಯವಿಲ್ಲ. ಕಂಟ್ರೋಲರ್‌ನ ಜೊತೆಗೆ ಬರುವ ಟ್ರಾನ್ಸ್‌ಫಾರ್ಮರ್ 230 ವೋಲ್ಟ್ ಅನ್ನು ಇಳಿಸುವುದಷ್ಟೇ ಅಲ್ಲದೆ ಮನೆಯ ವಿದ್ಯುತ್ ಜಾಲದಿಂದ ವಾಲ್ವ್ ವೈರನ್ನು ಬೇರ್ಪಡಿಸಿಯೂ ಇಡುತ್ತದೆ. ಅದರ ಬದಲು ಅಂಗಡಿಯಲ್ಲಿ ಸಿಕ್ಕ ಯಾವುದೋ ಟ್ರಾನ್ಸ್‌ಫಾರ್ಮರ್ ಜೋಡಿಸಬಾರದು.

ಎಚ್ಚರ ವಹಿಸಬೇಕಾದದ್ದು 230 ವೋಲ್ಟ್ ಇರುವ ಕಡೆ. ಕಂಟ್ರೋಲರ್‌ಗೆ ಬರುವ ಲೈನ್, ಪಂಪ್‌ಗೆ ಹೋಗುವ ಕೇಬಲ್, ತೋಟದ ದೀಪಗಳ ವೈರ್, ಇವೆಲ್ಲ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ವಿದ್ಯುತ್ ಸೋರಿದೊಡನೆ ಲೈನ್ ಕಡಿಯುವ ಸ್ವಿಚ್) ಮೂಲಕವೇ ಬರಬೇಕು. ಇವುಗಳನ್ನು 24 ವೋಲ್ಟ್ ವೈರಿನೊಂದಿಗೆ ಒಂದೇ ಕೊಳವೆಯಲ್ಲಿ ಎಳೆಯುವುದು ಅತ್ಯಂತ ಅಪಾಯಕಾರಿ. ಎರಡರ ಹೊದಿಕೆಯೂ ಒಂದೇ ಜಾಗದಲ್ಲಿ ಸುಲಿದರೆ ವಾಲ್ವ್ ವೈರಿಗೆಲ್ಲ 230 ವೋಲ್ಟ್ ಹರಿಯುತ್ತದೆ. ಈ ಒಂದು ವಿಷಯದಲ್ಲಿ ಜಾಗ ಕಡಿಮೆ, ಕೊಳವೆ ಖಾಲಿ ಇದೆ ಎಂಬ ಯಾವ ಸಬೂಬನ್ನೂ ಒಪ್ಪಬೇಡಿ.

ಆರು ವಾಲ್ವ್ ಇದ್ದರೆ ಹನ್ನೆರಡು ವೈರ್ ಎಳೆಯಬೇಕೇ?

ಬೇಡ. ಪ್ರತಿ ವಾಲ್ವ್‌ನ ಕಾಯಿಲ್‌ನಿಂದ ಎರಡು ತುದಿಗಳು ಹೊರಬರುತ್ತವೆ. ಎಲ್ಲ ವಾಲ್ವ್‌ಗಳ ಒಂದೊಂದು ತುದಿಯನ್ನು ಸೇರಿಸಿ ಒಂದೇ ಕಾಮನ್ ವೈರಿಗೆ ಜೋಡಿಸಿ, ಇನ್ನೊಂದು ತುದಿಗೆ ಮಾತ್ರ ಪ್ರತ್ಯೇಕ ವೈರ್ ಕೊಡಲಾಗುತ್ತದೆ. ಎಸಿ ಕಾಯಿಲ್ ಆದ್ದರಿಂದ ಯಾವ ತುದಿ ಕಾಮನ್‌ಗೆ ಹೋದರೂ ವ್ಯತ್ಯಾಸವಿಲ್ಲ. ಆರು ವಾಲ್ವ್‌ಗೆ ಏಳು ವೈರ್ ಸಾಕು.

ಆದರೆ ಏಳು ಕೋರ್‌ನ, ಅಂದರೆ ಒಳಗೆ ಏಳೇ ವೈರ್‌ಗಳಿರುವ, ಕೇಬಲ್ ಕೊಳ್ಳಬೇಡಿ. ಕನಿಷ್ಠ ಎರಡು ಕೋರ್ ಹೆಚ್ಚಿಗೆ ಇರಲಿ, ಅವು ಕಟ್ಟಕಡೆಯ ವಾಲ್ವ್‌ವರೆಗೂ ಹೋಗಲಿ. ಮುಂದೆ ಒಂದು ಕೋರ್ ಒಳಗೇ ತುಂಡಾದರೆ, ಹಿತ್ತಲಿನ ಹೂಗಿಡಗಳಿಗೆ ಹನಿ ನೀರಾವರಿಯ ವಲಯವೊಂದನ್ನು ಸೇರಿಸಬೇಕೆನಿಸಿದರೆ, ಈ ಎರಡು ಕೋರ್‌ಗಳು ಇಡೀ ಅಗೆತದ ಖರ್ಚನ್ನು ಉಳಿಸುತ್ತವೆ. ಎರಡು ಕೋರ್ ಹೆಚ್ಚಿದ್ದಕ್ಕೆ ಬೆಲೆಯಲ್ಲಿ ಆಗುವ ವ್ಯತ್ಯಾಸ, ಅಗೆಯುವ ಆಳಿನ ಕೂಲಿಯ ಮುಂದೆ ಲೆಕ್ಕಕ್ಕಿಲ್ಲ.

ಮನೆಯ ಕೆಲಸ ಇನ್ನೂ ನಡೆಯುತ್ತಿದೆ. ವೈರಿಂಗ್ ಬಗ್ಗೆ ಯಾವಾಗ ಯೋಚಿಸಬೇಕು?

ಗೇಟಿನಿಂದ ಪೋರ್ಟಿಕೋವರೆಗೆ ಪೇವರ್ ಅಥವಾ ಕಾಂಕ್ರೀಟ್ ಹಾಕುವ ಮೊದಲು. ಅಂಗಳವನ್ನು ಎರಡಾಗಿ ಸೀಳುವ ಕಾರಿನ ದಾರಿ, ಮನೆಯ ಸುತ್ತಲಿನ ನಡೆದಾರಿ, ಕಾಂಪೌಂಡ್ ಪಕ್ಕದ ಮಳೆನೀರಿನ ಚರಂಡಿ, ಇವುಗಳ ಅಡಿಯಲ್ಲಿ ಖಾಲಿ ಕೊಳವೆಗಳನ್ನು ಆಗಲೇ ಹಾಕಿಡಬೇಕು. ಹುಲ್ಲಿನ ಜಾತಿ, ಹೆಡ್‌ಗಳ ಸ್ಥಾನ, ಕಂಟ್ರೋಲರ್‌ನ ಕಂಪನಿ ಇವೆಲ್ಲ ಆರು ತಿಂಗಳ ನಂತರ ತೀರ್ಮಾನವಾದರೂ ತೊಂದರೆಯಿಲ್ಲ.

ಈ ಕೆಲಸ ಪ್ಲಂಬರ್‌ದೋ, ಎಲೆಕ್ಟ್ರಿಷಿಯನ್‌ದೋ?

24 ವೋಲ್ಟ್ ಭಾಗವನ್ನು ತಿಳಿವಳಿಕೆಯುಳ್ಳ ಪ್ಲಂಬರ್ ಅಥವಾ ಮನೆಯವರೇ ಮಾಡಬಹುದು. ಕಂಟ್ರೋಲರ್‌ಗೆ 230 ವೋಲ್ಟ್ ಪಾಯಿಂಟ್, ಪಂಪ್‌ನ ಸ್ಟಾರ್ಟರ್, ಅರ್ಥಿಂಗ್ ಇವು ಪರವಾನಗಿ ಪಡೆದ ಎಲೆಕ್ಟ್ರಿಷಿಯನ್‌ನ ಕೆಲಸ.

## ಕೇಬಲ್ ಆಯ್ಕೆ

ಮನೆಯ ವೈರಿಂಗ್‌ನಲ್ಲಿ ಉಳಿದ ವೈರ್ ಸುರುಳಿಗಳಿವೆ. ಅವನ್ನೇ ಹೂಳಬಹುದೇ?

ಗೋಡೆಯೊಳಗಿನ ಕೊಳವೆಗೆಂದು ಮಾಡಿದ ಒಂಟಿ ವೈರಿಗೆ ತಾಮ್ರದ ಮೇಲೆ ಒಂದೇ ಪದರ ಪಿವಿಸಿ ಇರುತ್ತದೆ. ಅದನ್ನು ನೇರವಾಗಿ ಮಣ್ಣಿಗೆ ಹಾಕಿದರೆ ಕಲ್ಲಿನ ಚೂಪು, ತೇವ, ಗೆದ್ದಲು ಇವುಗಳ ನಡುವೆ ಅದು ಹೆಚ್ಚು ಕಾಲ ಬಾಳುವುದಿಲ್ಲ. ಹೂಳುವುದಕ್ಕೆ ಮೂರು ಬಗೆಯ ಕೇಬಲ್‌ಗಳು ಯೋಗ್ಯ. ಮೊದಲನೆಯದು ನೀರಾವರಿಗೆಂದೇ ತಯಾರಾದ, ಪಾಲಿಥಿಲೀನ್ ಹೊರಕವಚದ ಬಹುಕೋರ್ ಕೇಬಲ್. ನೇರ ಹೂಳುವಿಕೆಗೆ ಇದೇ ಉತ್ತಮ, ಆದರೆ ಎಲ್ಲ ಊರುಗಳಲ್ಲಿ ಸಿಗುವುದಿಲ್ಲ. ಎರಡನೆಯದು ಹೊರಕವಚವುಳ್ಳ ಸಾಮಾನ್ಯ ಬಹುಕೋರ್ ತಾಮ್ರದ ಕೇಬಲ್. ಇದನ್ನು ಕೊಳವೆಯೊಳಗೆ ಎಳೆಯಬೇಕು. ಮೂರನೆಯದು ಐಎಸ್ 1554 ಎಂಬ ಭಾರತೀಯ ಮಾನಕದ ಪ್ರಕಾರ ತಯಾರಾಗುವ, ಕಬ್ಬಿಣದ ತಂತಿ ಅಥವಾ ಪಟ್ಟಿ ಸುತ್ತಿದ ಆರ್ಮರ್ಡ್ ಕೇಬಲ್. ಹೆಗ್ಗಣದ ಕಾಟವಿರುವ ಕಡೆಗೆ, ಜೆಸಿಬಿ ಓಡಾಡುವ ತೋಟಗಳಿಗೆ ಇದು ತಕ್ಕದ್ದು, ಆದರೆ ಬಾಗಿಸುವುದು ಕಷ್ಟ.

ನನ್ನ ಸಲಹೆ ಕೇಳುವವರಿಗೆ, ಮೊದಲನೆಯದು ಸಿಕ್ಕರೆ ಅದು, ಇಲ್ಲದಿದ್ದರೆ ಎರಡನೆಯದನ್ನು ಎಚ್‌ಡಿಪಿಇ (ಗಟ್ಟಿ ಪಾಲಿಥಿಲೀನ್) ಕೊಳವೆಯೊಳಗೆ ಎಂದು ಹೇಳುತ್ತೇನೆ.

ಎಷ್ಟು ಎಂಎಂ ವೈರ್ ಹಾಕಬೇಕು?

ಸಾಮಾನ್ಯ ಮನೆಯಂಗಳಕ್ಕೆ 1 ಚದರ ಮಿಲಿಮೀಟರ್ ಸಾಕು. ದೂರ 100 ಮೀಟರ್ ದಾಟಿದರೆ 1.5 ಹಾಕುವುದು ಒಳ್ಳೆಯದು. ಇದರ ಲೆಕ್ಕ ಸರಳವಾದದ್ದು, ತಾವೇ ಮಾಡಿಕೊಳ್ಳಬಹುದು.

ಮನೆಮಟ್ಟದ ಸೊಲೆನಾಯ್ಡ್ ಒಂದು ತೆರೆಯುವ ಕ್ಷಣದಲ್ಲಿ ಸುಮಾರು 0.4 ಆಂಪಿಯರ್, ತೆರೆದು ನಿಂತಾಗ ಅದರ ಅರ್ಧದಷ್ಟು ವಿದ್ಯುತ್ ಸೆಳೆಯುತ್ತದೆ. ಸಣ್ಣ ಎಳೆಗಳ 1 ಚದರ ಮಿಲಿಮೀಟರ್ ತಾಮ್ರದ ವೈರಿಗೆ ಕಿಲೋಮೀಟರಿಗೆ ಸುಮಾರು 19.5 ಓಮ್, 1.5ರದ್ದಕ್ಕೆ ಸುಮಾರು 13.3 ಓಮ್ ರೋಧವಿರುತ್ತದೆ. ವಾಲ್ವ್ 60 ಮೀಟರ್ ದೂರದಲ್ಲಿದ್ದರೆ ಹೋಗಿಬರುವ ದಾರಿ 120 ಮೀಟರ್. 1 ಚದರ ಮಿಲಿಮೀಟರ್ ವೈರಿನಲ್ಲಿ ಅದರ ರೋಧ 2.34 ಓಮ್, ಅದನ್ನು 0.4ರಿಂದ ಗುಣಿಸಿದರೆ ದಾರಿಯಲ್ಲಿ ಕಳೆದುಹೋಗುವುದು ಒಂದು ವೋಲ್ಟ್‌ಗೂ ಕಡಿಮೆ. ಅದೇ 150 ಮೀಟರ್ ದೂರವಾದರೆ ನಷ್ಟ 2.3 ವೋಲ್ಟ್ ಆಗುತ್ತದೆ, ಅಂದರೆ 24ರಲ್ಲಿ ಸುಮಾರು ಹತ್ತನೆಯ ಒಂದು ಭಾಗ. ಕಾಗದದ ಮೇಲೆ ಇದು ನಡೆಯುವ ಲೆಕ್ಕವೇ. ಆದರೆ ಬೇಸಿಗೆಯ ಸಂಜೆ ಹಳ್ಳಿಯ ಕಡೆ ಮನೆಗೆ ಬರುವ ವೋಲ್ಟೇಜ್ 200ಕ್ಕೆ ಇಳಿದರೆ ಟ್ರಾನ್ಸ್‌ಫಾರ್ಮರ್ ಕೊಡುವ 24 ಕೂಡ 21ರ ಆಸುಪಾಸಿಗೆ ಇಳಿಯುತ್ತದೆ. ಅದರ ಮೇಲೆ ಈ 2.3 ವೋಲ್ಟ್ ಕಳೆದರೆ ಕಡ್ಡಿ ಅರ್ಧ ಎದ್ದು ಗುಂಯ್‌ಗುಡುತ್ತ ನಿಲ್ಲುತ್ತದೆ, ವಾಲ್ವ್ ತೆರೆಯುವುದಿಲ್ಲ. ತೋಟದ ಮನೆಗಳಿಗೆ ಒಂದು ಅಳತೆ ಹೆಚ್ಚು ದಪ್ಪದ ವೈರ್ ಹೇಳುವುದು ಈ ಕಾರಣಕ್ಕೆ.

ಎರಡು ವಾಲ್ವ್‌ಗಳನ್ನು ಒಟ್ಟಿಗೆ ತೆರೆಯುವ ಯೋಚನೆಯಿದ್ದರೆ ಎರಡರ ವಿದ್ಯುತ್ತೂ ಕಾಮನ್ ವೈರಿನಲ್ಲೇ ಹರಿಯುತ್ತದೆ ಎಂಬುದನ್ನು ಮರೆಯಬಾರದು.

ಇಂಟರ್ನೆಟ್‌ಗೆ ಬಳಸುವ ಕೇಬಲ್‌ನಲ್ಲಿ ಎಂಟು ವೈರ್ ಇರುತ್ತದಲ್ಲ, ಅದು ಆಗುವುದಿಲ್ಲವೇ?

ಮೂವತ್ತು ನಲವತ್ತು ಮೀಟರ್ ದೂರಕ್ಕೆ ಅದರಿಂದ ವಾಲ್ವ್ ತೆರೆದೀತು. ಆದರೆ ಅದರ ಒಂದೊಂದು ಎಳೆ ಕೂದಲೆಳೆಯಷ್ಟು ಸಪೂರ. ಜೋಡಿಸುವಾಗ ಒಮ್ಮೆ ಗೀರು ಬಿದ್ದರೆ ಕೆಲವು ತಿಂಗಳಲ್ಲಿ ಅಲ್ಲೇ ತುಂಡಾಗುತ್ತದೆ. ಹೂಳುವ ಕೆಲಸಕ್ಕೆ ಅದನ್ನು ಬಳಸಬೇಡಿ.

ವೈರಿನ ಬಣ್ಣಗಳಿಗೆ ಏನಾದರೂ ನಿಯಮವಿದೆಯೇ?

ನೀರಾವರಿ ಕೇಬಲ್‌ಗಳಲ್ಲಿ ಬಿಳಿಯನ್ನು ಕಾಮನ್‌ಗೆ ಇಟ್ಟುಕೊಳ್ಳುವ ರೂಢಿಯಿದೆ. ನಮ್ಮಲ್ಲಿ ಮನೆಯ ವೈರಿಂಗ್‌ಗೆ ಹಸಿರು ಎಂದರೆ ಅರ್ಥ್, ಕಪ್ಪು ಎಂದರೆ ನ್ಯೂಟ್ರಲ್. ಮುಂದೆ ಬರುವ ಎಲೆಕ್ಟ್ರಿಷಿಯನ್ ಗೊಂದಲಕ್ಕೆ ಬೀಳದಂತೆ ಈ ಎರಡನ್ನು ವಾಲ್ವ್‌ಗೆ ಬಳಸದಿರುವುದು ಲೇಸು. ಎಲ್ಲ ಕೋರ್‌ಗಳೂ ಒಂದೇ ಬಣ್ಣದ್ದಾಗಿ ಸಂಖ್ಯೆ ಮಾತ್ರ ಅಚ್ಚಾಗಿರುವ ಕೇಬಲ್ ಆದರೆ ಎರಡೂ ತುದಿಗೆ ಸಂಖ್ಯೆಯ ತೋಳುಪಟ್ಟಿ ಹಾಕಬೇಕು.

## ದಾರಿ, ಆಳ, ಮಣ್ಣು

ಎಷ್ಟು ಆಳಕ್ಕೆ ಹೂಳಬೇಕು? ಪೈಪಿನ ಟ್ರೆಂಚ್‌ನಲ್ಲೇ ಹಾಕಬಹುದೇ?

ಹಾಕಬಹುದು, ಹಾಕುವುದೇ ಒಳ್ಳೆಯದು. 24 ವೋಲ್ಟ್ ಕೇಬಲ್‌ಗೆ 30ರಿಂದ 45 ಸೆಂಟಿಮೀಟರ್ ಆಳ ಸಾಕು. ಹುಲ್ಲಿನ ಬೇರಿಗೆ ಗಾಳಿಯಾಡಲು ನೆಲ ಚುಚ್ಚುವ ಸಲಕರಣೆ ಹತ್ತು ಸೆಂಟಿಮೀಟರ್ ಇಳಿದೀತು, ಮಾಲಿಯ ಗುದ್ದಲಿ ಜೋರಾಗಿ ಬಿದ್ದರೂ ಇಪ್ಪತ್ತೈದರ ಆಚೆ ಹೋಗುವುದು ಅಪರೂಪ. ಕೇಬಲ್ ಪೈಪಿನ ಮೇಲೆ ಮಲಗಬಾರದು; ಪೈಪಿನ ಒಂದು ಮಗ್ಗುಲಿಗೆ, ಸ್ವಲ್ಪ ಕೆಳಗೆ ಇರಬೇಕು. ಯಾರೋ ತಿಳಿಯದೆ ಅಗೆದರೂ ಗುದ್ದಲಿ ಮೊದಲು ಪೈಪಿಗೆ ತಾಗುತ್ತದೆ. ಪೈಪ್ ಒಡೆದರೆ ಚಿಮ್ಮುವ ನೀರೇ ಜಾಗ ತೋರಿಸುತ್ತದೆ, ವೈರ್ ತುಂಡಾದರೆ ಅಂಥ ಗುರುತು ಸಿಗುವುದಿಲ್ಲ.

ಕೇಬಲನ್ನು ಬಿಗಿಯಾಗಿ ಎಳೆಯದೆ ಹಾವಿನ ನಡೆಯಂತೆ ಸಡಿಲವಾಗಿ ಬಿಡಬೇಕು, ತಿರುವುಗಳಲ್ಲಿ ಒಂದು ಸುತ್ತು ಹೆಚ್ಚಿಗೆ ಇಡಬೇಕು. ಕೆಳಗೆ ಮತ್ತು ಮೇಲೆ ಒಂದು ಪದರ ಕಲ್ಲಿಲ್ಲದ ಮಣ್ಣು ಅಥವಾ ಎಂ-ಸ್ಯಾಂಡ್ ಹರಡಿ, ಅರ್ಧ ಮಣ್ಣು ಮುಚ್ಚಿದ ಮೇಲೆ ಎಚ್ಚರಿಕೆಯ ಬಣ್ಣದ ಟೇಪ್ ಹಾಸಬೇಕು.

ಪಂಪ್‌ನ 230 ಅಥವಾ 415 ವೋಲ್ಟ್ ಕೇಬಲ್‌ಗೆ ಈ ಆಳ ಸಾಲದು. ಅದಕ್ಕೆ ಬೇರೆ ಟ್ರೆಂಚ್, 75 ಸೆಂಟಿಮೀಟರ್ ಆಳ, ಮೇಲೆ ಇಟ್ಟಿಗೆಯ ಹೊದಿಕೆ ಬೇಕು.

ಕೊಳವೆಯೊಳಗೇ ಎಳೆಯಬೇಕೆಂಬ ಕಡ್ಡಾಯವಿದೆಯೇ? ನಮ್ಮದು ಎರೆಮಣ್ಣು.

ನೇರ ಹೂಳುವುದಕ್ಕೆಂದೇ ಮಾಡಿದ ಕೇಬಲ್ ಆದರೆ ಕೆಂಪು ಮಣ್ಣಿನಲ್ಲಿ ಕೊಳವೆ ಇಲ್ಲದೆಯೂ ನಡೆಯುತ್ತದೆ. ಎರೆಮಣ್ಣಿನ ಮಾತು ಬೇರೆ. ಧಾರವಾಡ, ವಿಜಯಪುರ, ಕಲಬುರಗಿಯ ಕಡೆಯ ಕಪ್ಪು ಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಹುಲ್ಲುಹಾಸಿಗೆ ನೀರು ಬೀಳುವ ಭಾಗ ಒದ್ದೆಯಾಗಿಯೇ ಉಳಿದು, ಅದರ ಅಂಚಿನಾಚೆಯ ನೆಲ ಒಣಗಿ ಬಿರುಕು ಬಿಟ್ಟಾಗ, ಆ ಎರಡರ ಗಡಿಯಲ್ಲೇ ಕೇಬಲ್ ಮೇಲೆ ಎಳೆತ ಹೆಚ್ಚುತ್ತದೆ. ಅಂಥ ನೆಲದಲ್ಲಿ ಕೊಳವೆ ಹಾಕಿ, ಅದರೊಳಗೆ ಕೇಬಲ್ ಸಡಿಲವಾಗಿ ಸರಿದಾಡುವಂತೆ ಬಿಡುವುದು ಅಗತ್ಯ. ಕೊಳವೆಯ ಒಳಜಾಗದಲ್ಲಿ ಅರ್ಧಕ್ಕಿಂತ ಕಡಿಮೆ ಭಾಗವಷ್ಟೇ ಕೇಬಲ್‌ನಿಂದ ತುಂಬಿರಬೇಕು. ಕರಾವಳಿಯ ಮುರಕಲ್ಲಿನ ನೆಲದಲ್ಲಿಯೂ ಕೊಳವೆ ಬೇಕು, ಅಲ್ಲಿ ಕಾರಣ ಕಲ್ಲಿನ ಒರಟುತನ.

ಕೊಳವೆಯೊಳಗೆ ನೀರು ಹೋಗುವುದೇ ಇಲ್ಲ ಎಂದು ನಂಬಬೇಡಿ. ಒಳಗಿನ ತೇವವೇ ಹನಿಗಟ್ಟಿ ತಗ್ಗಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಕೊಳವೆ ಇದ್ದರೂ ಹೊರಕವಚವುಳ್ಳ ಕೇಬಲೇ ಬೇಕು, ಕೊಳವೆಯ ನಡುವೆ ಎಲ್ಲಿಯೂ ಜೋಡಣೆ ಇರಬಾರದು. ತುದಿಗಳನ್ನು ಮುಚ್ಚದೆ ಬಿಟ್ಟರೆ ಇಲಿ, ಇರುವೆಗಳು ಅದರಲ್ಲೇ ಬಿಡಾರ ಹೂಡುತ್ತವೆ.

ಪೇವರ್ ಅಡಿ ಹಾಕುವ ಖಾಲಿ ಕೊಳವೆ ಹೇಗಿರಬೇಕು?

ವೈರಿಗೆ 50 ಮಿಲಿಮೀಟರ್‌ನ ಗಟ್ಟಿ ಪಿವಿಸಿ ಪೈಪ್ ಒಂದು, ನೀರಿನ ಪೈಪಿಗೆ ಅದಕ್ಕಿಂತ ದೊಡ್ಡದು ಇನ್ನೊಂದು. ಎರಡೂ ಬದಿಗೆ ಪೇವರ್ ಅಂಚಿನಿಂದ ಒಂದಡಿ ಆಚೆ ಬರಬೇಕು. ಒಳಗೆ ನೈಲಾನ್ ಹಗ್ಗವನ್ನು ಪೋಣಿಸಿ, ತುದಿಗೆ ಕ್ಯಾಪ್ ಹಾಕಿ, ಅಂಚಿನ ಕಲ್ಲಿನ ಮೇಲೆ ಬಣ್ಣದಿಂದ ಗುರುತು ಮಾಡಿ. ಗುರುತಿಲ್ಲದ ಕೊಳವೆ ಆರು ತಿಂಗಳ ನಂತರ ಯಾರಿಗೂ ಸಿಗುವುದಿಲ್ಲ. ತಿರುವು ಬೇಕಾದರೆ ಉದ್ದನೆಯ ಬೆಂಡ್ ಬಳಸಬೇಕು. ಪ್ಲಂಬಿಂಗ್‌ನ ಎಲ್ಬೋ ಹಾಕಿದರೆ ಕೇಬಲ್ ಅಲ್ಲೇ ಸಿಕ್ಕಿಕೊಳ್ಳುತ್ತದೆ.

ಹುಲ್ಲು ಈಗಾಗಲೇ ಚೆನ್ನಾಗಿ ಬೆಳೆದಿದೆ. ಎಲ್ಲ ಕಿತ್ತು ಹಾಕಬೇಕೇ?

ಬೇಕಿಲ್ಲ. ದಾರಿಯುದ್ದಕ್ಕೂ ಒಂದು ಗುದ್ದಲಿ ಅಗಲಕ್ಕೆ ಹುಲ್ಲನ್ನು ಬೇರು ಮಣ್ಣಿನ ಸಮೇತ ಹಾಳೆಯಂತೆ ಕತ್ತರಿಸಿ, ಒದ್ದೆ ಗೋಣಿಚೀಲದ ಮೇಲೆ ಸಾಲಾಗಿ ಇಡಬೇಕು. ಅಗೆದ ಮಣ್ಣನ್ನು ಇನ್ನೊಂದು ಬದಿಗೆ ಟಾರ್ಪಾಲಿನ ಮೇಲೆ ಹಾಕಬೇಕು. ಮುಚ್ಚುವಾಗ ಪದರ ಪದರವಾಗಿ ತುಳಿದು, ನೀರು ಹಾಯಿಸಿ, ಮತ್ತೆ ಮಣ್ಣು ತುಂಬಿ ಹುಲ್ಲಿನ ಹಾಳೆಯನ್ನು ಕೂರಿಸಿದರೆ ಕೆಲವೇ ವಾರಗಳಲ್ಲಿ ಗೆರೆ ಮಾಸುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗಿನ ಕಾಲ ಇದಕ್ಕೆ ಅನುಕೂಲ. ದೊಡ್ಡ ಮರದ ಬುಡದ ಹತ್ತಿರ ಮಾತ್ರ ದಾರಿಯನ್ನು ಸುತ್ತಿಸಿಕೊಂಡು ಹೋಗಿ, ಬೇರು ಕಡಿಯಬೇಡಿ.

## ಜೋಡಣೆ ಮತ್ತು ವಾಲ್ವ್ ಬಾಕ್ಸ್

ಇನ್ಸುಲೇಷನ್ ಟೇಪ್ ಚೆನ್ನಾಗಿ ಸುತ್ತಿದರೆ ಸಾಲದೇ?

ಸಾಲದು. ನೆಲದಡಿಯ ವೈರಿಂಗ್ ಕೆಡುವ ಪ್ರಕರಣಗಳಲ್ಲಿ ಮೊದಲು ಅನುಮಾನಿಸಬೇಕಾದದ್ದು ಜೋಡಣೆಯನ್ನೇ. ಟೇಪಿನ ಅಂಟು ತೇವಕ್ಕೆ ಬಿಡುತ್ತದೆ, ನೀರು ತಾಮ್ರದವರೆಗೆ ಇಳಿಯುತ್ತದೆ, ವಿದ್ಯುತ್ ಹರಿದಾಗಲೆಲ್ಲ ತಾಮ್ರ ಹಸಿರಾಗಿ ಸವೆಯುತ್ತದೆ. ಇಂಥ ಜೋಡಣೆಯನ್ನು ಬಿಚ್ಚಿದರೆ ಟೇಪಿನೊಳಗೆ ಪಚ್ಚೆ ಬಣ್ಣದ ಪುಡಿ ಕಾಣುತ್ತದೆ, ಎಳೆಗಳು ಬೆರಳು ತಾಗಿದರೆ ಉದುರುತ್ತವೆ.

ಸರಿಯಾದ ಕ್ರಮ ಹೀಗಿದೆ. ವಾಲ್ವ್‌ಗಳನ್ನು ಕೂರಿಸುವ, ನೆಲಮಟ್ಟದಲ್ಲಿ ಮುಚ್ಚಳವಿರುವ ವಾಲ್ವ್ ಬಾಕ್ಸ್‌ನೊಳಗೆ ಸುಮಾರು 90 ಸೆಂಟಿಮೀಟರ್ ಕೇಬಲ್ ಹೆಚ್ಚಿಗೆ ಬಿಡಬೇಕು. ಜೋಡಣೆಯನ್ನು ಹೊರಗೆ ತೆಗೆದು, ಹುಲ್ಲಿನ ಮೇಲೆ ಕೂತು ಕೆಲಸ ಮಾಡುವಷ್ಟು ಉದ್ದ ಅದು. ವೈರಿನ ತುದಿಯನ್ನು ಸುಮಾರು 12 ಮಿಲಿಮೀಟರ್ ಸುಲಿದು, ಎಳೆಗೆ ಗೀರು ಬಿದ್ದಿಲ್ಲವೆಂದು ನೋಡಿ, ತುದಿಗಳನ್ನು ಸಮವಾಗಿ ಹಿಡಿದು ತಿರುಪು ಕನೆಕ್ಟರನ್ನು ಬಲಕ್ಕೆ ಬಿಗಿಯಾಗುವವರೆಗೆ ತಿರುಗಿಸಬೇಕು. ಆಮೇಲೆ ಒಂದೊಂದು ವೈರನ್ನೂ ಬೇರೆಬೇರೆಯಾಗಿ ಎಳೆದು ನೋಡಬೇಕು. ಬಿಡದೆ ನಿಂತರೆ ಜೆಲ್ ತುಂಬಿದ ನಳಿಕೆಯ ತಳಕ್ಕೆ ತಾಗುವಂತೆ ಒತ್ತಿ ಮುಚ್ಚಳ ಹಾಕಬೇಕು. ಒಮ್ಮೆ ಬಿಚ್ಚಿದ ಜೆಲ್ ನಳಿಕೆಯನ್ನು ಮತ್ತೆ ಬಳಸಬಾರದು. ಇಂಥ ಕನೆಕ್ಟರ್ ಸಿಗದಿದ್ದರೆ ಒಳಗೆ ಅಂಟು ಲೇಪಿಸಿದ ಹೀಟ್ ಶ್ರಿಂಕ್ ತೋಳು ಅಥವಾ ರಾಳ ಸುರಿಯುವ ಜಾಯಿಂಟ್ ಕಿಟ್ ಬಳಸಬಹುದು. ಟೆಲಿಫೋನ್ ಕೆಲಸದ ಪುಟ್ಟ ಜೆಲ್ ಕನೆಕ್ಟರ್‌ಗಳು ಅಗ್ಗವಾಗಿ ಸಿಗುತ್ತವೆ, ಆದರೆ ಅವು ಸಪೂರ ವೈರಿಗೆ ಮಾಡಿದವು. 1 ಅಥವಾ 1.5ರ ವೈರ್ ಅವುಗಳಲ್ಲಿ ಸರಿಯಾಗಿ ಕೂರುವುದಿಲ್ಲ.

ನಾಲ್ಕು ವಾಲ್ವ್ ಇರುವ ಬಾಕ್ಸ್‌ನಲ್ಲಿ ಕಾಮನ್ ಜೋಡಣೆಗೆ ಆರು ತುದಿಗಳು ಬರುತ್ತವೆ: ನಾಲ್ಕು ಕಾಯಿಲ್‌ನವು, ಬರುವ ವೈರ್ ಒಂದು, ಮುಂದಕ್ಕೆ ಹೋಗುವ ವೈರ್ ಒಂದು. ಎಲ್ಲವನ್ನೂ ಒಂದೇ ಕನೆಕ್ಟರಿಗೆ ತುರುಕದೆ, ಎರಡು ಜೋಡಣೆ ಮಾಡಿ ನಡುವೆ ಒಂದು ತುಂಡು ವೈರಿನಿಂದ ಸೇರಿಸಬೇಕು.

ಮಳೆಗಾಲದಲ್ಲಿ ವಾಲ್ವ್ ಬಾಕ್ಸ್ ತುಂಬ ನೀರು ನಿಲ್ಲುತ್ತದೆ. ಏನು ಮಾಡಬೇಕು?

ಬಾಕ್ಸ್‌ನ ತಳದಲ್ಲಿ ಅರ್ಧ ಅಡಿಯಷ್ಟು 20 ಮಿಲಿಮೀಟರ್ ಜಲ್ಲಿ ಹಾಕಿ, ಅಂಗಳದ ತಗ್ಗಿನ ಮೂಲೆಯಲ್ಲಿ ಬಾಕ್ಸ್ ಇಡುವುದನ್ನು ತಪ್ಪಿಸಿ. ಮಲೆನಾಡಿನ ಮಳೆಯಲ್ಲಿ ಇಷ್ಟು ಮಾಡಿದರೂ ನೀರು ನಿಂತೇ ನಿಲ್ಲುತ್ತದೆ. ಆದ್ದರಿಂದ ಜೋಡಣೆಗಳು ಜಲ್ಲಿಯ ಮೇಲೆ ಮಲಗದೆ ಮುಚ್ಚಳದ ಹತ್ತಿರ ಎತ್ತಿ ಕಟ್ಟಿದಂತಿರಬೇಕು.

## ಪಂಪ್ ಮತ್ತು ಸೆನ್ಸರ್

ವಾಲ್ವ್ ತೆರೆದಾಗ ಪಂಪ್ ತಾನಾಗಿ ಶುರುವಾಗಲು ಯಾವ ವೈರ್ ಬೇಕು?

ಸಂಪಿನ ಮೇಲೆ ಕೂತ ಪ್ರೆಷರ್ ಪಂಪ್ ಆದರೆ ಪ್ರತ್ಯೇಕ ವೈರ್ ಬೇಡ. ವಾಲ್ವ್ ತೆರೆದು ಒತ್ತಡ ಇಳಿದ ಕೂಡಲೇ ಅದು ತಾನೇ ಓಡುತ್ತದೆ. ಬೇರೆ ಪಂಪ್ ಆದರೆ ಕಂಟ್ರೋಲರ್‌ನ ಪಂಪ್ ಟರ್ಮಿನಲ್‌ನಿಂದ ಎರಡು ವೈರ್ ಹೊರಟು 24 ವೋಲ್ಟ್ ಕಾಯಿಲ್‌ನ ರಿಲೇಗೆ (ವಿದ್ಯುತ್ತಿನಿಂದ ನಡೆಯುವ ಸಣ್ಣ ಸ್ವಿಚ್) ಹೋಗಬೇಕು. ಆ ರಿಲೇ ಸ್ಟಾರ್ಟರ್‌ನ ಕಾಂಟ್ಯಾಕ್ಟರನ್ನು, ಅಂದರೆ ಪಂಪ್‌ಗೆ ವಿದ್ಯುತ್ ಹಾಯಿಸುವ ದೊಡ್ಡ ಸ್ವಿಚ್ಚನ್ನು, ಎಳೆಯುತ್ತದೆ. ಕಂಟ್ರೋಲರ್‌ನಿಂದ ನೇರವಾಗಿ ಪಂಪ್‌ಗೆ ವಿದ್ಯುತ್ ಕೊಡುವ ಮಾತೇ ಇಲ್ಲ. ಮೂರು ಫೇಸಿನ ಬೋರ್‌ವೆಲ್ ಸ್ಟಾರ್ಟರ್‌ನಲ್ಲಿ ಹಸಿರು, ಕೆಂಪು ಗುಂಡಿಗಳನ್ನು ಒಮ್ಮೆ ಒತ್ತಿ ಬಿಡುವ ವ್ಯವಸ್ಥೆ ಇರುವುದರಿಂದ, ರಿಲೇಗೆ ತಕ್ಕಂತೆ ಅದರ ಒಳ ವೈರಿಂಗನ್ನು ಎಲೆಕ್ಟ್ರಿಷಿಯನ್ ಬದಲಿಸಬೇಕಾಗುತ್ತದೆ. ರಿಲೇ ಮತ್ತು ಸ್ಟಾರ್ಟರ್ ಕಂಟ್ರೋಲರ್‌ನಿಂದ ನಾಲ್ಕೈದು ಮೀಟರ್ ದೂರವಿದ್ದರೆ ಒಳ್ಳೆಯದು. ಕಾಂಟ್ಯಾಕ್ಟರ್ ಬಡಿದಾಗ ಏಳುವ ವಿದ್ಯುತ್ ಗದ್ದಲ ಕಂಟ್ರೋಲರನ್ನು ಕೆಡಿಸದಿರಲಿ ಎಂದು.

ಸಂಪು ಖಾಲಿಯಾದರೆ ಪಂಪ್ ನಿಲ್ಲುವಂತೆ ಫ್ಲೋಟ್ ಸ್ವಿಚ್ ಇರಲಿ. ವಾಲ್ವ್ ಜೋಡಿಸದ ಖಾಲಿ ಸ್ಟೇಷನ್‌ಗೆ (ವಲಯದ ಟರ್ಮಿನಲ್) ಕಂಟ್ರೋಲರ್‌ನಲ್ಲಿ ಸಮಯ ಕೊಡಬೇಡಿ. ಆಗ ಪಂಪ್ ಮುಚ್ಚಿದ ಪೈಪಿನ ವಿರುದ್ಧ ಓಡುತ್ತದೆ.

ಮಳೆ ಬಂದಾಗ ನೀರು ನಿಲ್ಲಿಸುವ ಸೆನ್ಸರ್‌ಗೆ ಈಗಲೇ ವೈರ್ ಬಿಡಬೇಕೇ?

ಬಿಡಲೇಬೇಕು. ಮಳೆ ಸುರಿಯುವಾಗ ಸ್ಪ್ರಿಂಕ್ಲರ್ ಓಡುವುದನ್ನು ನೋಡಿಕೊಂಡು ಕೂರುವುದು ಯಾರಿಗೂ ಇಷ್ಟವಾಗದು. ಸಾಮಾನ್ಯ ಮಳೆ ಸೆನ್ಸರ್‌ಗೆ ಎರಡು ವೈರ್ ಸಾಕು. ಒಣಗಿದಾಗ ಅದರ ಸ್ವಿಚ್ ಕೂಡಿರುತ್ತದೆ, ಒದ್ದೆಯಾದರೆ ತೆರೆದು ಕಾಮನ್ ದಾರಿಯನ್ನು ಕಡಿಯುತ್ತದೆ. ಸೆನ್ಸರ್ ಟರ್ಮಿನಲ್‌ಗಳನ್ನು ಕೂಡಿಸಲು ಹಾಕಿರುವ ತುಂಡು ವೈರನ್ನು (ಜಂಪರ್) ತೆಗೆಯುವುದನ್ನು ಮರೆತರೆ ಎಷ್ಟು ಮಳೆ ಬಂದರೂ ಕಂಟ್ರೋಲರ್‌ಗೆ ಗೊತ್ತಾಗುವುದಿಲ್ಲ. ಸೆನ್ಸರ್ ಸೂರಿನಡಿಯಲ್ಲಿ ಇರಬಾರದು, ಸ್ಪ್ರಿಂಕ್ಲರ್‌ನ ತುಂತುರು ತಾಗುವಲ್ಲಿಯೂ ಇರಬಾರದು. ನೀರಿನ ಹರಿವು ಅಳೆಯುವ ಸೆನ್ಸರ್ ಹಾಕುವುದಾದರೆ ಅದಕ್ಕೆ ಲೋಹದ ಹೊದಿಕೆಯಿರುವ ಬೇರೆಯೇ ಕೇಬಲ್ ಬೇಕು.

ಬೆಂಗಳೂರಿನಲ್ಲಿ ತೋಟಕ್ಕೆ ಕುಡಿಯುವ ನೀರು ಬಳಸುವಂತಿಲ್ಲ ಎನ್ನುತ್ತಾರೆ. ವೈರಿಂಗ್‌ಗೂ ಅದಕ್ಕೂ ಸಂಬಂಧವಿದೆಯೇ?

ಇದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕೈತೋಟ, ವಾಹನ ತೊಳೆಯುವಿಕೆ ಮುಂತಾದವಕ್ಕೆ ಕುಡಿಯುವ ನೀರು ಬಳಸುವುದನ್ನು ನಿಷೇಧಿಸಿ, ತಪ್ಪಿದರೆ 5,000 ರೂಪಾಯಿ ದಂಡವೆಂದು ಆದೇಶಿಸಿತು. ಅಂಥ ಬೇಸಿಗೆ ಮತ್ತೆ ಬರುವುದಿಲ್ಲವೆಂದು ಹೇಳಲಾಗದು. ಮಳೆನೀರಿನ ತೊಟ್ಟಿಗೋ, ಸಂಸ್ಕರಿಸಿದ ನೀರಿನ ತೊಟ್ಟಿಗೋ ಎರಡನೆಯ ಪಂಪ್ ಇಡುವ ಸಾಧ್ಯತೆಯನ್ನು ಗಮನದಲ್ಲಿಟ್ಟುಕೊಂಡು, ಕಂಟ್ರೋಲರ್‌ನಿಂದ ಆ ತೊಟ್ಟಿ ಬರಬಹುದಾದ ಜಾಗದವರೆಗೆ ನಾಲ್ಕು ಕೋರ್‌ನ ಕೇಬಲ್ ಒಂದನ್ನು ಈಗಲೇ ಎಳೆದಿಡುವುದು ಉತ್ತಮ: ಪಂಪ್ ರಿಲೇಗೆ ಎರಡು ಕೋರ್, ಫ್ಲೋಟ್ ಸ್ವಿಚ್‌ಗೆ ಎರಡು ಕೋರ್.

## ಇನ್ನೂ ಆಳದ ಪ್ರಶ್ನೆಗಳು

ಮಣ್ಣು ಮುಚ್ಚುವ ಮೊದಲು ಏನೇನು ಪರೀಕ್ಷೆ ಮಾಡಬೇಕು?

ಒಂದು ಮಲ್ಟಿಮೀಟರ್ ಸಾಕು. ಎಲ್ಲ ಜೋಡಣೆ ಮುಗಿದ ಮೇಲೆ ಕಂಟ್ರೋಲರ್ ಕಡೆಯ ತುದಿಗಳನ್ನು ಟರ್ಮಿನಲ್‌ಗೆ ಹಾಕದೆ, ಕಾಮನ್ ಮತ್ತು ಒಂದೊಂದು ವಲಯದ ವೈರಿನ ನಡುವೆ ರೋಧ ಅಳೆಯಬೇಕು. 24 ವೋಲ್ಟ್ ಕಾಯಿಲ್‌ಗಳು ಸಾಮಾನ್ಯವಾಗಿ 20ರಿಂದ 60 ಓಮ್ ತೋರಿಸುತ್ತವೆ. ಅದಕ್ಕೆ ದಾರಿಯ ಒಂದೆರಡು ಓಮ್ ಸೇರುತ್ತದೆ. ಒಂದೇ ಮಾದರಿಯ ವಾಲ್ವ್‌ಗಳಾದರೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಅಂಕಿ ತೋರಿಸಬೇಕು. ಮೀಟರ್ ಏನನ್ನೂ ತೋರಿಸದಿದ್ದರೆ ದಾರಿ ಎಲ್ಲೋ ಕಡಿದಿದೆ. ಹತ್ತು ಓಮ್‌ಗಿಂತ ಕಡಿಮೆ ಬಂದರೆ ಎರಡು ವೈರ್ ಎಲ್ಲೋ ಕೂಡಿಕೊಂಡಿವೆ ಅಥವಾ ಕಾಯಿಲ್ ಸುಟ್ಟಿದೆ.

ಬಳಿಕ ಕಾಮನ್ ವೈರ್ ಮತ್ತು ಅರ್ಥ್ ನಡುವೆ ಅಳೆಯಬೇಕು. ಇಲ್ಲಿ ಮೆಗಾಓಮ್‌ಗಳಲ್ಲಿ ರೋಧ ಕಾಣಬೇಕು. ಕೆಲವೇ ಸಾವಿರ ಓಮ್ ಬಂದರೆ ತಾಮ್ರ ಎಲ್ಲೋ ಮಣ್ಣನ್ನು ಮುಟ್ಟುತ್ತಿದೆ. ಇದೇ ಅಳತೆಯನ್ನು ಮಣ್ಣು ಮುಚ್ಚಿ, ಚೆನ್ನಾಗಿ ನೀರು ಹಾಯಿಸಿದ ಮರುದಿನ ಮತ್ತೊಮ್ಮೆ ಮಾಡಿ. ಒಣ ಮಣ್ಣಿನಲ್ಲಿ ಅಡಗಿದ್ದ ಗಾಯ ಒದ್ದೆ ಮಣ್ಣಿನಲ್ಲಿ ಬಯಲಾಗುತ್ತದೆ. ಎಲ್ಲ ಅಂಕಿಗಳನ್ನೂ ದಿನಾಂಕದೊಂದಿಗೆ ಬರೆದು ಕಂಟ್ರೋಲರ್‌ನ ಬಾಗಿಲಿನ ಒಳಗೆ ಅಂಟಿಸಿ.

ನಕ್ಷೆ ಬರೆಯಲು ನನಗೆ ಬರುವುದಿಲ್ಲ. ಫೋಟೋ ತೆಗೆದಿಟ್ಟರೆ ಸಾಕೇ?

ಫೋಟೋದಲ್ಲಿ ಅಳತೆಯ ಟೇಪ್ ಮತ್ತು ಮನೆಯ ಗೋಡೆ ಎರಡೂ ಕಾಣುವಂತಿದ್ದರೆ ಬಹುಮಟ್ಟಿಗೆ ಸಾಕು. ಬರಿಯ ಟ್ರೆಂಚ್‌ನ ಫೋಟೋ ನಿರುಪಯುಕ್ತ. ಹುಲ್ಲು ಬೆಳೆದ ಮೇಲೆ ಅದು ಎಲ್ಲಿಯದೆಂದೇ ತಿಳಿಯುವುದಿಲ್ಲ. ಪ್ರತಿ ವಾಲ್ವ್ ಬಾಕ್ಸ್‌ಗೂ ಕೇಬಲ್‌ನ ಪ್ರತಿ ತಿರುವಿಗೂ ಮನೆಯ ಎರಡು ಮೂಲೆಗಳಿಂದ ಇರುವ ದೂರವನ್ನು ಬರೆದಿಡಿ. ಎರಡು ದೂರಗಳು ಗೊತ್ತಿದ್ದರೆ ಆ ಬಿಂದುವನ್ನು ಎರಡು ಹಗ್ಗ ಹಿಡಿದು ಯಾರು ಬೇಕಾದರೂ ಹುಡುಕಬಹುದು. ಗಿಡ, ಹೂಕುಂಡ, ಬೇಲಿಯ ಕಂಬಗಳಿಂದ ಅಳೆಯಬೇಡಿ.

ಗುಡುಗು ಸಿಡಿಲಿಗೆ ಕಂಟ್ರೋಲರ್ ಸುಟ್ಟುಹೋಗುವುದನ್ನು ತಡೆಯಬಹುದೇ?

ಏಪ್ರಿಲ್, ಮೇ ತಿಂಗಳ ಸಂಜೆಯ ಸಿಡಿಲು ನೇರವಾಗಿ ಬಡಿಯದಿದ್ದರೂ ಹತ್ತಿರದಲ್ಲಿ ಬಿದ್ದರೆ ನೆಲದಡಿಯ ಉದ್ದನೆಯ ವೈರಿನಲ್ಲಿ ವೋಲ್ಟೇಜ್ ಏರಿ ಎರಡೂ ತುದಿಯ ಉಪಕರಣಗಳನ್ನು ಕೆಡಿಸಬಹುದು. ಪ್ಲಗ್ ಕಿತ್ತರೆ 230 ವೋಲ್ಟ್ ಕಡೆಯಿಂದ ಬರುವ ಹೊಡೆತ ತಪ್ಪುತ್ತದೆ, ವಾಲ್ವ್ ವೈರಿನಿಂದ ಬರುವುದು ತಪ್ಪುವುದಿಲ್ಲ. ಪೂರೈಕೆಯ ಕಡೆಗೂ ವಾಲ್ವ್ ವೈರಿನ ಕಡೆಗೂ ಸರ್ಜ್ ರಕ್ಷಕಗಳನ್ನು (ದಿಢೀರ್ ಏರುವ ವೋಲ್ಟೇಜನ್ನು ಅರ್ಥ್‌ಗೆ ಹಾಯಿಸುವ ಸಾಧನ) ಹಾಕಿ, ಅವುಗಳ ಅರ್ಥ್ ವೈರ್ ಆದಷ್ಟು ಗಿಡ್ಡವಾಗಿ, ನೇರವಾಗಿ ಮನೆಯ ಅರ್ಥಿಂಗ್‌ಗೆ ಸೇರುವಂತೆ ಮಾಡಬೇಕು. ಅರ್ಥ್ ಪಿಟ್‌ನ ರೋಧ 10 ಓಮ್‌ಗಿಂತ ಕಡಿಮೆ ಇದ್ದರೆ ಉತ್ತಮ. ಸಿಡಿಲು ನಿರೋಧಕದಿಂದ ಇಳಿದು ಬರುವ ಪಟ್ಟಿಯ ಪಕ್ಕದಲ್ಲೇ ವಾಲ್ವ್ ಕೇಬಲ್ ಸಾಗಬಾರದು. ಇಷ್ಟೆಲ್ಲ ಮಾಡಿದರೂ ನೇರ ಹೊಡೆತಕ್ಕೆ ಪೂರ್ತಿ ರಕ್ಷಣೆ ಸಿಗುವುದಿಲ್ಲ.

ಎಲ್ಲ ವಾಲ್ವ್‌ಗಳಿಗೂ ಎರಡೇ ವೈರ್ ಸಾಕೆನ್ನುವ ಹೊಸ ವ್ಯವಸ್ಥೆ ಒಳ್ಳೆಯದೇ?

ಅದರಲ್ಲಿ ಪ್ರತಿ ವಾಲ್ವ್ ಬಳಿ ಡಿಕೋಡರ್ ಎಂಬ ಸಾಧನವಿದ್ದು, ಒಂದೇ ಜೋಡಿ ವೈರಿನಲ್ಲಿ ಬರುವ ಸಂಕೇತಗಳಲ್ಲಿ ತನ್ನದನ್ನು ಗುರುತಿಸಿ ವಾಲ್ವ್ ತೆರೆಯುತ್ತದೆ. ಗಾಲ್ಫ್ ಮೈದಾನ, ದೊಡ್ಡ ಬಡಾವಣೆಯ ಉದ್ಯಾನಗಳಿಗೆ ಅದು ಬಹಳ ಅನುಕೂಲ. ಹತ್ತು ವಾಲ್ವ್‌ನ ಮನೆಗೆ ಡಿಕೋಡರ್‌ಗಳ ಬೆಲೆ, ಅವಕ್ಕೆ ಬೇಕಾದ ಹೆಚ್ಚಿನ ಅರ್ಥಿಂಗ್, ಕೆಟ್ಟರೆ ದುರಸ್ತಿಗೆ ತಿಳಿದವರ ಅಭಾವ ಇವನ್ನು ನೋಡಿದರೆ ಹಳೆಯ ಬಹುಕೋರ್ ಕೇಬಲೇ ಮೇಲು.

ವೈರೇ ಇಲ್ಲದ ಬ್ಯಾಟರಿ ಕಂಟ್ರೋಲರ್ ಇರುವಾಗ ಅಗೆಯುವ ಗೊಡವೆ ಯಾಕೆ?

ಪೇವರ್ ಕಿತ್ತೆಬ್ಬಿಸದೆ ತಲುಪಲಾಗದ ಒಂದೆರಡು ವಾಲ್ವ್‌ಗಳಿಗೆ ಅದು ನಿಜಕ್ಕೂ ಒಳ್ಳೆಯ ಪರಿಹಾರ. ಆದರೆ ಅದಕ್ಕೆ 9 ವೋಲ್ಟ್ ಡಿಸಿಯ ಲ್ಯಾಚಿಂಗ್ ಸೊಲೆನಾಯ್ಡ್ ಬೇಕು. 24 ವೋಲ್ಟ್ ಎಸಿಯ ಕಾಯಿಲ್ ಅದರೊಂದಿಗೆ ಕೆಲಸ ಮಾಡುವುದಿಲ್ಲ. ಲ್ಯಾಚಿಂಗ್ ಕಾಯಿಲ್‌ನಲ್ಲಿ ಕೆಂಪು, ಕಪ್ಪು ತುದಿಗಳನ್ನು ಅದಲುಬದಲು ಮಾಡುವಂತಿಲ್ಲ. ತೆರೆದು ನಿಂತಾಗ ಬ್ಯಾಟರಿ ಮುಗಿದರೆ ವಾಲ್ವ್ ಮುಚ್ಚದೆ ಉಳಿಯಬಹುದೆಂಬುದು ಇನ್ನೊಂದು ವ್ಯತ್ಯಾಸ. ಇಡೀ ಅಂಗಳಕ್ಕೆ ನಾನು ಅದನ್ನು ಸೂಚಿಸುವುದಿಲ್ಲ.

ಎರಡು ವರ್ಷ ಚೆನ್ನಾಗಿ ನಡೆದದ್ದು ಈಗ ಒಂದು ವಲಯ ತೆರೆಯುತ್ತಿಲ್ಲ. ಎಲ್ಲಿಂದ ಹುಡುಕಬೇಕು?

ಅಗೆಯುವುದರಿಂದಲ್ಲ, ಕಂಟ್ರೋಲರ್‌ನಿಂದ. ಕೆಟ್ಟ ವಲಯದ ವೈರನ್ನು ಸರಿಯಾಗಿ ನಡೆಯುತ್ತಿರುವ ವಲಯದ ಟರ್ಮಿನಲ್‌ಗೆ ಹಾಕಿ ನೋಡಿ. ಆಗ ವಾಲ್ವ್ ತೆರೆದರೆ ದೋಷ ಕಂಟ್ರೋಲರ್‌ನ ಆ ಟರ್ಮಿನಲ್‌ನಲ್ಲಿದೆ; ತೆರೆಯದಿದ್ದರೆ ದೋಷ ಹೊರಗಿದೆ. ಹೊರಗಿದೆ ಎಂದಾದರೆ ರೋಧ ಅಳೆದು ಬಾಗಿಲಿಗೆ ಅಂಟಿಸಿದ ಹಳೆಯ ಅಂಕಿಯೊಂದಿಗೆ ಹೋಲಿಸಿ. ದಾರಿ ಕಡಿದಿರುವಂತೆ ಕಂಡರೆ ವಾಲ್ವ್ ಬಾಕ್ಸ್ ತೆರೆದು ಕಾಯಿಲ್‌ನ ಎರಡು ತುದಿಗಳ ನಡುವೆಯೇ ಅಳೆಯಿರಿ. ಅಲ್ಲಿ ಸರಿಯಾದ ಅಂಕಿ ಬಂದರೆ ಕಾಯಿಲ್ ಚೆನ್ನಾಗಿದೆ, ಜೋಡಣೆ ಅಥವಾ ವೈರ್ ಕೆಟ್ಟಿದೆ.

ಒಂದು ಬಾಕ್ಸ್‌ನಿಂದಾಚೆಗಿನ ಎಲ್ಲ ವಲಯಗಳೂ ಒಟ್ಟಿಗೆ ಸತ್ತಿದ್ದರೆ ಆ ಬಾಕ್ಸ್‌ನ ಅಥವಾ ಅದರ ಮುಂದಿನ ಬಾಕ್ಸ್‌ನ ಕಾಮನ್ ಜೋಡಣೆಯನ್ನು ನೋಡಬೇಕು. ಒಂದು ವಲಯಕ್ಕೆ ಸಮಯ ಕೊಟ್ಟರೆ ಎರಡು ತೆರೆಯುತ್ತಿದ್ದರೆ ಆ ಎರಡರ ವೈರ್‌ಗಳು ಎಲ್ಲೋ ತಾಗಿಕೊಂಡಿವೆ. ಮಳೆ ಬಂದಾಗ ಮಾತ್ರ ಕೆಟ್ಟು, ಬಿಸಿಲು ಬಂದಾಗ ಸರಿಹೋಗುವ ದೋಷ ಹೆಚ್ಚಾಗಿ ಟೇಪ್ ಸುತ್ತಿದ ಜೋಡಣೆಯದ್ದು. ಎಲ್ಲ ಜೋಡಣೆಗಳೂ ಚೆನ್ನಾಗಿದ್ದು ನಡುವಿನ ಕೋರ್ ಮಾತ್ರ ತುಂಡಾಗಿದೆ ಎಂದು ಖಚಿತವಾದರೆ, ಹೆಚ್ಚಿಗೆ ಬಿಟ್ಟಿದ್ದ ಕೋರ್‌ಗೆ ಎರಡೂ ತುದಿಯಲ್ಲಿ ಆ ವಲಯವನ್ನು ವರ್ಗಾಯಿಸಿ, ಬಾಗಿಲಿನ ಒಳಗಿನ ಪಟ್ಟಿಯಲ್ಲಿ ಆ ಬದಲಾವಣೆಯನ್ನು ಬರೆದಿಡಿ.